ಹಳೆಯ ಇನ್ನೋವಾದ ಇಸಿಯು: ಬದಲಿಸುವ ಮುನ್ನ

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ರಲ್ಲಿ ಹೊರಬಂದ ಡೀಸೆಲ್ ಕ್ವಾಲಿಸ್‌ನಲ್ಲಿ ಇಂಧನದ ಪ್ರಮಾಣವನ್ನು ಯಾಂತ್ರಿಕ ಪಂಪೇ ನಿರ್ಧರಿಸುತ್ತಿದ್ದರೆ, 2005ರಲ್ಲಿ ಅದರ ಸ್ಥಾನಕ್ಕೆ ಬಂದ ಡೀಸೆಲ್ ಇನ್ನೋವಾದಲ್ಲಿ ಆ ಕೆಲಸವು ಸೆನ್ಸರ್‌ಗಳ ಸಂಕೇತಗಳನ್ನು ಓದಿ ಇಂಜೆಕ್ಟರ್‌ಗಳಿಗೆ ಆಜ್ಞೆ ನೀಡುವ ಇಸಿಯು ಎಂಬ ಕಂಪ್ಯೂಟರಿಗೆ ಸೇರಿತು. ಎಂಜಿನ್ ಮೊರಾಯಿಸಿದ ಕೂಡಲೇ ಈ ದುಬಾರಿ ಪೆಟ್ಟಿಗೆಯ ಮೇಲೆ ದೂರು ಹೊರಿಸುವುದು ಗ್ಯಾರೇಜುಗಳ ರೂಢಿಯಾದರೂ, ಬಹುಪಾಲು ದೋಷ ಬೇರೆಡೆಯೇ ಇರುತ್ತದೆ. ಆದ್ದರಿಂದ ಬ್ಯಾಟರಿ, ಫ್ಯೂಸ್, ರಿಲೇ, ತುಕ್ಕು ಹಿಡಿದ ಅರ್ಥಿಂಗ್ ತಂತಿ, ನೀರು ಇಳಿದ ಕನೆಕ್ಟರ್, ಇಲಿ ಕಡಿದ ವೈರಿಂಗ್ (ಇಲಿಯ ಪಾಲು ಸಣ್ಣದಲ್ಲ) ಇವುಗಳನ್ನು ಮೊದಲು ಪರೀಕ್ಷಿಸಿ, ಸ್ಕ್ಯಾನರ್ ತೋರಿದ ದೋಷಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು ಉಚಿತ.

ಇಸಿಯು ಕೆಟ್ಟಿರುವುದು ಖಚಿತವಾದ ಮೇಲೆ ಗುಜರಿಯ ಪೆಟ್ಟಿಗೆ ಕೊಳ್ಳುವವರು ಹೊರಮೈಯ ಹೋಲಿಕೆಯನ್ನು ನಂಬದೆ, ಟೊಯೋಟಾದಲ್ಲಿ ಸಾಮಾನ್ಯವಾಗಿ 89661ರಿಂದ ಆರಂಭವಾಗುವ ಬಿಡಿಭಾಗ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೆ ತಾಳೆ ನೋಡಬೇಕು. ಇಮ್ಮೊಬಿಲೈಸರ್, ಅಂದರೆ ಕೀಲಿಯ ಗುರುತು ಸಿಗದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ, ಇರುವ ವಾಹನಗಳಲ್ಲಿ ಕೀಲಿಯನ್ನೂ ಮತ್ತೆ ನೋಂದಾಯಿಸಬೇಕಾಗುತ್ತದೆ. ಕನೆಕ್ಟರ್ ಕಳಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿರಬೇಕು. ಹಳೆಯ ಪೆಟ್ಟಿಗೆಯ ಸ್ಮೃತಿಯಿಂದ ಮಾಹಿತಿ ಪಡೆಯುವ ಅಗತ್ಯ ಮುಂದೆ ಬರಬಹುದಾದ್ದರಿಂದ, ಮಾಲೀಕರು ಅದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರದಿರುವುದು ಒಳಿತು.