ಹಳೆ ಬಿಡಿಭಾಗ ಆನ್‌ಲೈನ್‌ನಲ್ಲಿ ಕೊಳ್ತೀರಾ? ಮೊದಲು ಸಾಮಾನು, ಆಮೇಲೆ ದುಡ್ಡು

ಅಂಕೋಲಾದಲ್ಲಿ ಕರಿ ಇಶಾಡ ಮಾವಿನ ಸುಗ್ಗಿ ಬೇಸಿಗೆಯ ಕೆಲವೇ ವಾರ. ಅದೇ ಹೊತ್ತಿಗೆ ಹಣ್ಣು ಸಾಗಿಸುವ ಪಿಕಪ್‌ನ ಗೇರ್‌ಬಾಕ್ಸ್ ಕೈಕೊಟ್ಟರೆ ಏನು ಮಾಡೋದು? ಹೊಸದು ದುಬಾರಿ. ಓಮ್ನಿ ಇದ್ದವರಿಗೆ ಇನ್ನೂ ಕಷ್ಟ, ಮಾರುತಿ ಕಂಪನಿ ಅದರ ತಯಾರಿಕೆಯನ್ನೇ 2019ರಲ್ಲಿ ನಿಲ್ಲಿಸಿದೆ. ಆಗ ನಾವೆಲ್ಲ ಫೋನ್ ತೆಗೆದು ಓಎಲ್‌ಎಕ್ಸ್, ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಲ್ಲಿ ಹುಡುಕ್ತೇವೆ. ಹಳೆ ಸಾಮಾನು ಕೊಳ್ಳೋದರಲ್ಲಿ ತಪ್ಪಿಲ್ಲ, ನಾನೂ ಕೊಳ್ತೇನೆ. ಆದರೆ ನಮ್ಮ ಅವಸರವೇ ಮೋಸಗಾರನ ಬಂಡವಾಳ. ಹಾಗಾಗಿ ಈ ವಾರ ಅದರ ಬಗ್ಗೆ ಬರೆಯುತ್ತಿದ್ದೇನೆ.

ಮೋಸ ನಡೆಯುವ ಬಗೆ

ದೇಶದ ಹಲವೆಡೆ ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿರುವ ಒಂದು ಮೋಸವಿದೆ. ಮಾರುವವ ತಾನು ಸೇನೆಯವ ಎನ್ನುತ್ತಾನೆ. "ವರ್ಗಾವಣೆ ಆಗಿದೆ, ಬೇಗ ಮಾರ್ಬೇಕು" ಎಂದು ಕಡಿಮೆ ಬೆಲೆ ಹೇಳುತ್ತಾನೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾನೆ. ಅವು ಬೇರೆ ಯಾರದ್ದೋ ಆಗಿರುತ್ತವೆ. ನಮ್ಮಲ್ಲಿ ಈ ಕತೆ ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ. ಕಾರವಾರದ ಅರಗಾದಲ್ಲಿ 2005ರಿಂದ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ನೌಕಾಪಡೆಯವರಿಗೆ ವರ್ಗಾವಣೆಯೂ ನಿಜಕ್ಕೂ ಆಗ್ತಿರ್ತದೆ.

ನೋಡಲು ಬರ್ತೇನೆ ಅಂದರೆ, "ಬೇಸ್ ಒಳಗೆ ಹೊರಗಿನವರನ್ನು ಬಿಡೋದಿಲ್ಲ, ಮಿಲಿಟರಿ ಗಾಡಿಯಲ್ಲಿ ಕಳಿಸ್ತೇನೆ" ಎಂಬ ಉತ್ತರ ಬರುತ್ತದೆ. ಮೊದಲು ಮುಂಗಡ, ಆಮೇಲೆ ಗೇಟ್‌ಪಾಸ್, ಜಿಎಸ್‌ಟಿ, "ವಾಪಸ್ ಕೊಡುವ ಡಿಪಾಸಿಟ್" ಎಂದು ಕೇಳುತ್ತಲೇ ಹೋಗುತ್ತಾನೆ. ಒಂದು ಮಾತು ನೆನಪಿಡಿ: ಖಾಸಗಿಯಾಗಿ ಮಾರಿದ ಸಾಮಾನನ್ನು ಮನೆಗೆ ತಲುಪಿಸುವ ಕೊರಿಯರ್ ಸೇವೆ ಸೇನೆಯಲ್ಲೂ ಇಲ್ಲ, ನೌಕಾಪಡೆಯಲ್ಲೂ ಇಲ್ಲ.

ಕೊನೆಯ ಪೆಟ್ಟು ಕ್ಯೂಆರ್ ಕೋಡ್. "ಮುಂಗಡ ವಾಪಸ್ ಕೊಡ್ತೇನೆ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುತ್ತಾನೆ. ಯುಪಿಐ ಪಿನ್ ಬೇಕಾಗುವುದು ನಮ್ಮ ಖಾತೆಯಿಂದ ಹಣ ಕೊಡಲು. ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ದುಡ್ಡಿನ ಮಾತಿಗೆ ಮೊದಲು

ನಾನು ಪಾಲಿಸುವ ಕ್ರಮ ಹೀಗಿದೆ:

1. ವಿಡಿಯೊ ಕರೆ ಮಾಡಿ. ಕಳಿಸಿದ ಫೋಟೊ ನಂಬಬೇಡಿ. ಸಾಮಾನಿನ ಮೇಲೆ ಅಚ್ಚಾದ ಪಾರ್ಟ್ ನಂಬರ್ ತೋರಿಸಿ ಎನ್ನಿ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ದಿನಾಂಕ ಬರೆದು ಪಕ್ಕದಲ್ಲಿಡಲು ಹೇಳಿ. ಸಾಮಾನು ಇದ್ದವನಿಗೆ ಇದು ಎರಡು ನಿಮಿಷದ ಕೆಲಸ.

2. ನಂಬರ್ ಹೊಂದಿಸಿ ನೋಡಿ. ಒಂದೇ ಮಾದರಿಯ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಬಿಡಿಭಾಗ ಬದಲಾಗಿರುತ್ತದೆ. ನಿಮ್ಮ ಹಳೆ ಭಾಗದ ನಂಬರ್ ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ತೋರಿಸಿ.

3. ಬೆಲೆ ವಿಚಾರಿಸಿ. ಊರಿನ ಗ್ಯಾರೇಜ್‌ನಲ್ಲಿ, ಒಂದೆರಡು ಗುಜರಿ ಅಂಗಡಿಗಳಲ್ಲಿ ಕೇಳಿ. ಎಲ್ಲರೂ ಹೇಳುವ ಬೆಲೆಯ ಅರ್ಧಕ್ಕೇ ಸಿಗುತ್ತದೆ ಎಂದರೆ ಅಲ್ಲಿಗೆ ನಿಲ್ಲಿಸಿ.

4. ಹೋಗಿ ನೋಡಿ. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಿ ಸುಮಾರು 130 ಕಿ.ಮೀ. ಒಂದು ದಿನ ಹಾಳಾಗ್ತದೆ ನಿಜ. ಆದರೆ ಬಸ್ ಚಾರ್ಜು ಯಾವ ಮುಂಗಡಕ್ಕಿಂತಲೂ ಕಡಿಮೆ. ಹಗಲಿನಲ್ಲಿ, ಗ್ಯಾರೇಜ್ ಅಥವಾ ಬಸ್ ನಿಲ್ದಾಣದಂಥ ಜನರಿರುವ ಜಾಗದಲ್ಲೇ ಭೇಟಿಯಾಗಿ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಸಾಮಾನು ಎದುರಿಗೆ ಬಂದಾಗ

ಗೇರ್‌ಬಾಕ್ಸ್ ಆದರೆ ಶಾಫ್ಟ್ ಕೈಯಲ್ಲಿ ತಿರುಗಿಸಿ, ಎಲ್ಲ ಗೇರ್‌ಗೂ ಹಾಕಿ ನೋಡಿ. ಡ್ರೈನ್ ಬೋಲ್ಟ್ ಬಿಚ್ಚಿ ಸ್ವಲ್ಪ ಆಯಿಲ್ ತೆಗೆದು ಅದರಲ್ಲಿ ಅಯಸ್ಕಾಂತ ಆಡಿಸಿ. ನುಣ್ಣನೆ ಕೆಸರಿನಂಥದ್ದು ಸವೆತದಿಂದ ಬಂದದ್ದು. ಚೂರು ಚೂರು ಲೋಹ ಅಂಟಿದರೆ ಹಲ್ಲು ಮುರಿದಿದೆ ಎಂದರ್ಥ. ಆಲ್ಟರ್ನೇಟರ್ ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ, ಸುಟ್ಟ ವಾಸನೆ ಇದ್ದರೆ ಕಾಯಿಲ್ ಹೋಗಿದೆ. ಕರಾವಳಿಯಲ್ಲಿ ಓಡಿದ ಗಾಡಿಯ ಭಾಗವಾದರೆ ಉಪ್ಪುಗಾಳಿಯ ತುಕ್ಕು ನೋಡಲೇಬೇಕು. ಹೊಸ ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ನೋಡಿ.

ಬ್ರೇಕ್ ಪ್ಯಾಡ್, ಬ್ರೇಕ್ ಹೋಸ್, ಸೀಟ್‌ಬೆಲ್ಟ್, ಏರ್‌ಬ್ಯಾಗ್, ಟೈಮಿಂಗ್ ಬೆಲ್ಟ್ ಮಾತ್ರ ಹಳೆಯದು ಬೇಡವೇ ಬೇಡ.

ಇಂಜಿನ್ ಕೊಳ್ಳುವವರಿಗೆ

ಇಂಜಿನ್‌ಗೆ ನಂಬರ್ ಇದೆ, ಆದ್ದರಿಂದ ಕಾಗದವೂ ಬೇಕು. ಅದು ಯಾವ ಗಾಡಿಯದ್ದು ಕೇಳಿ. ಆ ಗಾಡಿಯ ಆರ್‌ಸಿ ಪ್ರತಿ ಪಡೆದು ಇಂಜಿನ್ ಮೇಲಿನ ನಂಬರ್ ಜೊತೆ ಹೋಲಿಸಿ. ಗಾಡಿ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲೂ ಹಾಕಿ ನೋಡಿ. ನಂಬರ್ ಉಜ್ಜಿದ್ದರೆ ಮುಟ್ಟಬೇಡಿ. ಕದ್ದ ಮಾಲು ಎಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೊಂಡವನಿಗೇ ಅನ್ವಯಿಸುತ್ತದೆ. ಇಂಜಿನ್ ಬದಲಿಸಿದ ಮೇಲೆ ಹೊಸ ನಂಬರನ್ನು ಆರ್‌ಸಿಯಲ್ಲಿ ಸೇರಿಸಬೇಕು. ಕೆಎ-30 ಗಾಡಿಯವರು ಕಾರವಾರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಎಫ್‌ಸಿಗೂ ವಿಮೆ ಕ್ಲೇಮಿಗೂ ತೊಂದರೆ ಆಗಬಹುದು.

ಸಾಮಾನು ಒಪ್ಪಿಗೆಯಾದರೆ ಅಲ್ಲೇ ನಿಂತು ಯುಪಿಐನಲ್ಲಿ ಹಣ ಹಾಕಿ. ಮಾರಿದವರ ಹೆಸರು, ಫೋನ್ ನಂಬರ್, ಪಾರ್ಟ್ ನಂಬರ್, ಬೆಲೆ ಬರೆದ ಚೀಟಿಗೆ ಸಹಿ ಹಾಕಿಸಿಕೊಳ್ಳಿ. ಪ್ರಾಮಾಣಿಕ ಮಾರಾಟಗಾರ ಇದಕ್ಕೆ ಬೇಜಾರು ಮಾಡ್ಕೊಳ್ಳೋದಿಲ್ಲ.

ಹಣ ಹೋಗಿಬಿಟ್ಟಿದ್ದರೆ

ನಾಚಿಕೆ ಪಟ್ಟು ಸುಮ್ಮನೆ ಕೂರಬೇಡಿ, ಗಂಟೆಗಳ ಲೆಕ್ಕ ಇದು. ತಕ್ಷಣ 1930ಕ್ಕೆ ಕರೆ ಮಾಡಿ. ಮೋಸಗಾರ ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲೇ ದೂರು ತಲುಪಿದರೆ ಬ್ಯಾಂಕ್ ಅದನ್ನು ತಡೆಹಿಡಿಯಲು ಸಾಧ್ಯ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಆಮೇಲೆ ಹತ್ತಿರದ ಠಾಣೆಗೆ ಅಥವಾ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಯುಪಿಐ ವಹಿವಾಟಿನ 12 ಅಂಕಿಯ ಯುಟಿಆರ್ ಸಂಖ್ಯೆ, ಅವನ ಫೋನ್ ನಂಬರ್, ಯುಪಿಐ ಐಡಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. "ನಿಮ್ಮ ದುಡ್ಡು ವಾಪಸ್ ಕೊಡಿಸ್ತೇವೆ, ಇಷ್ಟು ಫೀಸ್ ಕಟ್ಟಿ" ಎಂದು ಯಾರಾದರೂ ಕರೆ ಮಾಡಿದರೆ ಅದು ಎರಡನೇ ಮೋಸ.

ಸುಗ್ಗಿಯ ಹೊತ್ತಿಗೆ ಗಾಡಿ ನಿಂತರೆ ನಾಲ್ಕು ದಿನ ಬಾಡಿಗೆ ಗಾಡಿ ಮಾಡಿಕೊಳ್ಳಿ. ಆ ಖರ್ಚು ಕಣ್ಣಿಗೆ ಕಾಣುವ ಖರ್ಚು, ಲೆಕ್ಕಕ್ಕೆ ಸಿಗ್ತದೆ. ಇನ್ನೂ ಒಳ್ಳೆಯದೆಂದರೆ ಸುಗ್ಗಿಗೆ ಎರಡು ತಿಂಗಳ ಮೊದಲೇ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ, ಸವೆದ ಭಾಗಗಳ ಪಟ್ಟಿ ಮಾಡಿಸಿ, ನಿಧಾನವಾಗಿ ಹುಡುಕಿ ಕೊಳ್ಳಿ.