ಸೋರುವ ಮಾಡಿಗೆ ಒಂದು ಲೆಕ್ಕ, ಕುಸಿಯುವ ದರೆಗೆ ಇನ್ನೊಂದು

ಕಳಸ, ಮೂಡಿಗೆರೆ ಕಡೆಯ ಮನೆಗಳಿಗೆ ನೀರು ಎರಡು ಬಗೆಯಲ್ಲಿ ನುಗ್ಗುತ್ತದೆ. ಒಡೆದ ಹಂಚಿನ ಸಂದಿಯಲ್ಲಿ ತೊಟ್ಟಿಕ್ಕಿ, ಪಕಾಸಿ ಕೊಳೆಸಿ, ಗೋಡೆಗೆ ಬೂಷ್ಟು ಹಿಡಿಸಿ ವರ್ಷಗಟ್ಟಲೆ ತಿನ್ನುವುದು ಒಂದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಆದಂತೆ ಗುಡ್ಡದ ಮಣ್ಣನ್ನೇ ಎಳೆದುಕೊಂಡು ಬಂದು ಮನೆ ನುಂಗುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಕೈಯಿಂದಲೇ ಹಾಕಬೇಕು. ಎರಡನೆಯದನ್ನು ನಮ್ಮ ಉಳಿತಾಯ ತಡೆಯಲಾರದು, ಅದಕ್ಕೆ ವಿಮೆಯೇ ಬೇಕು.

ನಮ್ಮದು ಮಂಗಳೂರು ಹಂಚಿನ ಹಳೇ ಮನೆ. ಕಾಫಿ ಮಾರಿದ ದುಡ್ಡು ಬಂದ ಕೂಡಲೇ ಮಾಡಿನ ರಿಪೇರಿಗೆಂದು ಒಂದು ಪಾಲನ್ನು ಬೇರೆ ಖಾತೆಗೆ ಹಾಕುತ್ತೇವೆ. ವರ್ಷಕ್ಕೊಮ್ಮೆ ಹಣ ಕಾಣುವ ತೋಟದ ಮನೆಗಳಲ್ಲಿ ಹಾಗೆ ಎತ್ತಿಡದಿದ್ದರೆ ಗೊಬ್ಬರ, ಆಳು, ಮದುವೆ ಎಂದು ಅದು ಕರಗಿಹೋಗುತ್ತದೆ. ಏಪ್ರಿಲ್‌ನಲ್ಲಿ ಬದಲಾಯಿಸಿದ ಹಂಚಿಗೆ ಹೆಚ್ಚೇನೂ ಖರ್ಚಿಲ್ಲ. ಆರಿದ್ರಾ ಮಳೆಯವರೆಗೆ ಬಿಟ್ಟರೆ ರೀಪು, ಪಕಾಸಿ, ಕೊನೆಗೆ ಜಂತಿಯೂ ಹೋಗುತ್ತದೆ. ಮಳೆ ನಿಂತ ಕೂಡಲೇ ಒದ್ದೆ ಗೋಡೆಗೆ ಬಣ್ಣ ಬಳಿಸುವುದು ದಂಡ. ಚಳಿಗಾಲದ ಬಿಸಿಲಿಗೆ ಗೋಡೆ ಆರಲಿ. ತೇವ ಬುಡದಲ್ಲೇ ಇದ್ದರೆ ತಪ್ಪು ಮಾಡಿನದಲ್ಲ. ಹಿತ್ತಿಲ ಚರಂಡಿ ನೋಡಿಸಬೇಕು.

2021ರ ಏಪ್ರಿಲ್ 1ರಿಂದ ಮನೆ ವಿಮೆ ಮಾರುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕು. ಬಿರುಗಾಳಿ, ಪ್ರವಾಹ, ಭೂಕುಸಿತ, ನೀರಿನ ಟ್ಯಾಂಕ್ ಇಲ್ಲವೇ ಪೈಪು ಒಡೆದು ಆದ ಹಾನಿ ಇದರೊಳಗೆ ಬರುತ್ತವೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆ ಸಾಮಾನಿಗೂ ರಕ್ಷಣೆ ಇದೆ. ಕಾಲಕ್ರಮದಲ್ಲಿ ಸವೆದು ಸೋರಿದ್ದಕ್ಕೆ ಕೊಡುವುದಿಲ್ಲ.

ನಮ್ಮ ಅಡುಗೆಮನೆ ಹಿಂದಿನ ದರೆ ಜಾರಿದ ವರ್ಷ ಈ ವ್ಯತ್ಯಾಸವನ್ನು ಕಣ್ಣಾರೆ ಕಂಡೆವು. ವಿಮಾ ಕಂಪನಿಯ ಸರ್ವೇಯರ್ ಬಂದವರು ಬಿದ್ದ ಗೋಡೆಗಿಂತ ಮೊದಲು ದರೆಯ ಮುಖವನ್ನೇ ನೋಡಿದರು: ಜೆಸಿಬಿ ಹಲ್ಲಿನ ಗುರುತು ಉಂಟೇ, ಈಚೆಗೆ ಮಣ್ಣು ತೆಗೆಸಿದ್ದೀರಾ? ಅಗೆತದಿಂದ ಆದ ಕುಸಿತ ಪಾಲಿಸಿಯ ಹೊರಗೆ. ಅಂಗಳ ಅಗಲ ಮಾಡಲು ಗುಡ್ಡ ಕಡಿಸುವ ನಮ್ಮ ಊರುಗಳಲ್ಲಿ ಇದನ್ನು ಎಲ್ಲರೂ ತಿಳಿದಿರಲೇಬೇಕು. ಬೇಸಿಗೆಯಲ್ಲಿ ತೆಗೆದಿಟ್ಟ ಫೋಟೊಗಳಲ್ಲಿ ಹುಲ್ಲು, ಜರೀಗಿಡ ಮುಚ್ಚಿದ ಹಳೇ ದರೆ ಸ್ಪಷ್ಟವಾಗಿತ್ತು. ಗೋಡೆಯ ಹಣ ಬಂತು. ಪಡಸಾಲೆಯ ಬೂಷ್ಟಿಗೆ ಬರಲಿಲ್ಲ. ಅದು ನ್ಯಾಯವೇ.

ಸರ್ಕಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. 2019ರಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು, ನಿಜ. ಆದರೆ ಆಯಾ ವರ್ಷದ ಘೋಷಣೆಯನ್ನು ನಂಬಿ ಮನೆ ನಡೆಸಲಾಗದು. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಧಿಯ ದರದಲ್ಲಿ, ಪೂರ್ತಿ ಬಿದ್ದ ಮನೆಗೆ ಗುಡ್ಡಗಾಡಿನಲ್ಲಿ 1.30 ಲಕ್ಷ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಅದೂ ಶೇ 15ರಷ್ಟಾದರೂ ಹಾಳಾಗಿದ್ದರೆ. ಅಷ್ಟರಲ್ಲಿ ಒಂದು ಗೋಡೆ ಏಳುವುದಿಲ್ಲ. ಆದರೂ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಮಹಜರು ಬರೆಸಿಕೊಳ್ಳಿ. ವಿಮೆಗೂ ಅದು ಸಾಕ್ಷಿ.

ಅಟ್ಟದ ಮೇಲಿನ ಕಾಫಿ ಚೆರಿ ಚೀಲಗಳ ಮಾತು ಬೇರೆ. ಮಾರಾಟದ ಸರಕು ಮನೆ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಒಳ್ಳೇ ಬೆಲೆಗೆ ಕಾದು ಮಳೆಗಾಲದಲ್ಲೂ ಕಾಫಿ ಇಟ್ಟುಕೊಳ್ಳುವವರು ಗೋದಾಮಿನ ದಾಸ್ತಾನಿಗೆ ಪ್ರತ್ಯೇಕ ವಿಮೆ ಕೇಳಬೇಕು. ವಿಮೆ ಮಾಡಿಸುವ ಆಸ್ತಿಯ ಮೌಲ್ಯ 5 ಕೋಟಿ ರೂಪಾಯಿ ಮೀರದ ಸಣ್ಣ ವ್ಯವಹಾರಕ್ಕೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಇದೆ.

ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.