ಡಾಲ್ಫಿನ್ ಸಿಪಾಯಿ: ಅಂತೆ ಎಷ್ಟು, ನಿಜ ಎಷ್ಟು?

ಧಕ್ಕೆಯಲ್ಲಿ ಮೀನು ಮಾರಿ ಸಂಜೆ ಕ್ಲಾಸಿಗೆ ಬರುವ ಅಕ್ಕ ಒಬ್ಬರಿದ್ದಾರೆ. ಅವರ ಮನೆ ಬೆಂಗ್ರೆಯಲ್ಲಿ. ಒಂದು ದಿನ ಬಂದು ಕೂತವರೇ ಕೇಳಿದರು.

“ಟೀಚರೇ, ಡಾಲ್ಫಿನಿಗೆ ಬಂದೂಕು ಕಟ್ಟಿ ಯುದ್ಧಕ್ಕೆ ಬಿಡ್ತಾರಂತೆ. ಮನುಷ್ಯರನ್ನು ಕೊಲ್ಲಲಿಕ್ಕೆ ಕಲಿಸ್ತಾರಂತೆ. ಮಗನ ಮೊಬೈಲಿಗೆ ಬಂದಿದೆ. ನಮ್ಮ ಅಳಿವೆ ಬಾಗಿಲಲ್ಲಿ ಕಾಣುವುದು ಸಹ ಅಂಥದ್ದೇನಾ?”

ಕೆಲವರು ನಕ್ಕರು. ನಾನು ನಗಲಿಲ್ಲ. ಅಕ್ಕ ಎರಡು ಸಲ “ಅಂತೆ” ಎಂದಿದ್ದರು. ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು ಎಂದು ಅದರ ಅರ್ಥ. ಮರುದಿನ ಅವರು ಮೊಬೈಲ್ ತಂದರು. ನಾನು ಓದಿ ನೋಡಿದೆ. ಅದರಲ್ಲಿ “ಅಂತೆ” ಇರಲಿಲ್ಲ. “ಕೊಲ್ಲುತ್ತವೆ” ಎಂದೇ ಬರೆದಿತ್ತು.

ಹಾಗಾದರೆ ನಿಜ ಏನು? ನೋಡುವ.

ಡಾಲ್ಫಿನ್ ಮೀನಲ್ಲ. ಕಡಲ ಕರೆಯವರಾದ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಉಸಿರಾಡಲು ನೀರಿನ ಮೇಲೆ ಬರುತ್ತದೆ. ಮರಿ ಹಾಕಿ ಹಾಲು ಕುಡಿಸುತ್ತದೆ. ಅದಕ್ಕೆ ಒಂದು ದೊಡ್ಡ ಶಕ್ತಿ ಇದೆ. ಹಲಸಿನಕಾಯಿಗೆ ಬಡಿದು, ಸದ್ದು ಕೇಳಿ, ಬಲಿತಿದೆಯಾ ಎಂದು ನಾವು ತಿಳಿಯುವುದಿಲ್ಲವೇ? ಡಾಲ್ಫಿನ್ ಹಾಗೆಯೇ ನೀರಿನಲ್ಲಿ ಟಕ್ ಟಕ್ ಎಂದು ಸದ್ದು ಬಿಡುತ್ತದೆ. ಸದ್ದು ಎದುರಿನ ವಸ್ತುವಿಗೆ ತಾಗಿ ಹಿಂದೆ ಬರುತ್ತದೆ. ಅದನ್ನು ಕೇಳಿಯೇ ಅದು ಕಲ್ಲೋ, ಕಬ್ಬಿಣವೋ, ಮೀನೋ ಎಂದು ತಿಳಿಯುತ್ತದೆ. ನೀರು ಕದಡಿದ್ದರೂ ಸರಿ, ಕತ್ತಲೆಯಾದರೂ ಸರಿ. ವಸ್ತು ಮರಳಿನ ಅಡಿಯಲ್ಲಿ ಹೂತಿದ್ದರೂ ಗುರುತಿಸಬಲ್ಲದು.

ಈ ಶಕ್ತಿಯ ಮೇಲೆ ಅಮೆರಿಕದ ನೌಕಾಪಡೆಯ ಕಣ್ಣು ಬಿತ್ತು. ಸುಮಾರು 1960ರಲ್ಲಿ ಡಾಲ್ಫಿನ್‌ಗಳನ್ನು ಸಾಕಿ ಕಲಿಸಲು ಶುರು ಮಾಡಿದರು. ಮೊದಲಿಗೆ ಯುದ್ಧದ ಕೆಲಸ ಇರಲಿಲ್ಲ. 1965ರಲ್ಲಿ ಟಫಿ ಎಂಬ ಡಾಲ್ಫಿನ್ ಅಂಚೆಯವನ ಕೆಲಸ ಮಾಡಿತು. ಆಗ ಸಮುದ್ರದ ತಳದಲ್ಲಿ ಒಂದು ಮನೆ ಮಾಡಿ ಕೆಲವರು ವಾಸವಾಗಿದ್ದರು. ಅದು ಸುಮಾರು 60 ಮೀಟರ್ ಆಳ. ಮೂರು ತೆಂಗಿನ ಮರ ಒಂದರ ಮೇಲೆ ಒಂದು ನಿಲ್ಲಿಸಿದಷ್ಟು! ಟಫಿ ಅವರಿಗೆ ಕಾಗದ, ಸಲಕರಣೆ ಕೊಂಡುಹೋಗಿ ಕೊಟ್ಟು ಬರುತ್ತಿತ್ತು.

ಆಮೇಲೆ ಕಾವಲಿನ ಕೆಲಸ ಬಂತು. 1970-71ರಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಅಲ್ಲಿಯ ಕಾಮ್ ರಾನ್ ಬಂದರಿನಲ್ಲಿ ಐದು ಡಾಲ್ಫಿನ್‌ಗಳನ್ನು ಕಾವಲಿಗೆ ಇಟ್ಟರು. ನೀರಿನಡಿ ಈಜಿ ಬರುವ ಶತ್ರುವನ್ನು ಪತ್ತೆ ಮಾಡಿ, ಬಂದು ತಿಳಿಸುವುದು ಅವುಗಳ ಕೆಲಸ.

ಇನ್ನೊಂದು ಕೆಲಸ ನೀರಿನಲ್ಲಿ ಅಡಗಿಸಿಟ್ಟ ಬಾಂಬು ಹುಡುಕುವುದು. ಈ ಬಾಂಬಿಗೆ ಮೈನ್ ಎನ್ನುತ್ತಾರೆ. ಹಡಗು ಹತ್ತಿರ ಬಂದರೆ ಅದು ಸಿಡಿಯುತ್ತದೆ. ಡಾಲ್ಫಿನನ್ನು ದೋಣಿಯಿಂದ ಕಳಿಸುತ್ತಾರೆ. ಅದು ಹುಡುಕಿ ಹಿಂದೆ ಬರುತ್ತದೆ. ಮೈನ್ ಕಂಡಿದ್ದರೆ ಒಂದು ಸನ್ನೆ, ಇಲ್ಲದಿದ್ದರೆ ಬೇರೆ ಸನ್ನೆ ಮಾಡುತ್ತದೆ. ಕಂಡಿದ್ದರೆ ಗುರುತಿನ ಬುರುಡೆಯ ಹಗ್ಗ ಕೊಟ್ಟು ಮತ್ತೆ ಕಳಿಸುತ್ತಾರೆ. ಅದು ಆ ಜಾಗದಲ್ಲಿ ಗುರುತು ಇಟ್ಟು ಬರುತ್ತದೆ. ಬಾಂಬು ತೆಗೆಯುವವರು ಮನುಷ್ಯರೇ. ಡಾಲ್ಫಿನಿಗೆ ಸಿಗುವ ಕೂಲಿ ಮೀನು.

2003ರ ಮಾರ್ಚಿನಲ್ಲಿ ಇರಾಕ್ ದೇಶದಲ್ಲಿ ಯುದ್ಧ. ಅಲ್ಲಿಯ ಉಮ್ ಕಸರ್ ಬಂದರಿಗೆ ಊಟದ ಸಾಮಾನಿನ ಹಡಗು ಬರಬೇಕಿತ್ತು. ದಾರಿಯಲ್ಲಿ ಮೈನ್‌ಗಳ ಭಯ. ಆಗ ಅಮೆರಿಕದ ಡಾಲ್ಫಿನ್‌ಗಳನ್ನು ತಂದು ಹುಡುಕಿಸಿದರು. ಮಾರ್ಚ್ 28ಕ್ಕೆ ಹಡಗು ಬಂದರು ಮುಟ್ಟಿತು.

ಹಾಗಾದರೆ ಕೊಲ್ಲುವುದು? ಕೊಲ್ಲಲು ಕಲಿಸಿಲ್ಲ ಎಂದು ಅಮೆರಿಕದ ನೌಕಾಪಡೆ ಹೇಳುತ್ತದೆ. ಅವರು ಕೊಡುವ ಕಾರಣ ಇದು: ನೀರಿನಲ್ಲಿ ಈಜುವವನು ನಮ್ಮವನೋ, ಶತ್ರುವೋ ಎಂದು ಡಾಲ್ಫಿನಿಗೆ ತಿಳಿಯುವುದಿಲ್ಲ. ಕೊಲ್ಲಲು ಬಿಟ್ಟರೆ ನಮ್ಮವನನ್ನೇ ಕೊಂದೀತು. ಈ ಮಾತು ನನಗೂ ಸರಿ ಕಾಣುತ್ತದೆ. ಆದರೆ ಈ ಕೆಲಸವನ್ನೆಲ್ಲ ಅವರು 1990ರ ಆಸುಪಾಸಿನವರೆಗೆ ಗುಟ್ಟಾಗಿ ಇಟ್ಟಿದ್ದರು. ಬಾಗಿಲು ಹಾಕಿದ ಮನೆಯ ಬಗ್ಗೆ ಊರವರು ಕಥೆ ಕಟ್ಟದೆ ಇರುತ್ತಾರಾ?

ರಷ್ಯಾದವರೂ ಹಿಂದೆ ಬಿದ್ದಿರಲಿಲ್ಲ. ಆಗ ರಷ್ಯಾ ಸೋವಿಯತ್ ಒಕ್ಕೂಟದ ಭಾಗವಾಗಿತ್ತು. ಕಪ್ಪು ಸಮುದ್ರದ ಸೆವಾಸ್ಟೊಪೋಲ್ ಎಂಬಲ್ಲಿ ಅವರೂ ಡಾಲ್ಫಿನ್ ಸಾಕಿದರು. 1991ರಲ್ಲಿ ಒಕ್ಕೂಟ ಒಡೆಯಿತು. ಸಾಕಲು ದುಡ್ಡಿಲ್ಲದೆ 2000ದಲ್ಲಿ ಕೆಲವು ಡಾಲ್ಫಿನ್‌ಗಳನ್ನು ಇರಾನಿಗೆ ಮಾರಿದರು. ಇವಕ್ಕೆ ಕೊಲ್ಲಲೂ ಕಲಿಸಿದ್ದರು ಎಂದು ಆಗ ಸುದ್ದಿಯಾಯಿತು. ಆದರೆ ಡಾಲ್ಫಿನ್ ಯುದ್ಧದಲ್ಲಿ ಯಾರನ್ನಾದರೂ ಕೊಂದದ್ದಕ್ಕೆ ಗಟ್ಟಿ ಸಾಕ್ಷಿ ಹೊರಬಂದಿಲ್ಲ. ಕಾವಲು ಮಾತ್ರ ನಿಂತಿಲ್ಲ. 2022ರಲ್ಲಿ ಆಕಾಶದಿಂದ ತೆಗೆದ ಫೋಟೋಗಳಲ್ಲಿ ಅದೇ ಬಂದರಿನ ಬಾಯಿಯಲ್ಲಿ ಡಾಲ್ಫಿನ್ ಗೂಡುಗಳು ಕಂಡವು.

ಈಗ ಸುಳ್ಳು ಹುಟ್ಟುವ ಬಗೆ ನೋಡಿ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಎಂಬ ದೊಡ್ಡ ಚಂಡಮಾರುತ ಬಂತು. ಗಲ್ಫ್‌ಪೋರ್ಟ್ ಎಂಬ ಊರಲ್ಲಿ ಜನರಿಗೆ ಆಟ ತೋರಿಸುವ ಡಾಲ್ಫಿನ್‌ಗಳಿದ್ದವು. ಎಂಟು ಡಾಲ್ಫಿನ್‌ಗಳು ಕಡಲಿಗೆ ಕೊಚ್ಚಿಹೋದವು. ಇದು ನಿಜ. ಸ್ವಲ್ಪ ದಿನದಲ್ಲಿ ಬ್ರಿಟನ್ನಿನ ಒಂದು ಪತ್ರಿಕೆ ಏನು ಬರೆಯಿತು ಗೊತ್ತೇ? ವಿಷದ ಬಾಣ ಕಟ್ಟಿದ ಸೈನ್ಯದ ಡಾಲ್ಫಿನ್‌ಗಳು ತಪ್ಪಿಸಿಕೊಂಡಿರಬಹುದು, ಈಜುವವರು ಜಾಗ್ರತೆ! ಸೈನ್ಯದ ಡಾಲ್ಫಿನ್ ಯಾವುದೂ ತಪ್ಪಿಸಿಕೊಂಡಿರಲಿಲ್ಲ. ಗಲ್ಫ್‌ಪೋರ್ಟಿನ ಎಂಟೂ ಜೀವಂತ ಸಿಕ್ಕಿದವು. ತಾವು ಬೆಳೆದ ಕೊಳ ಬಿಟ್ಟು ಕಡಲಲ್ಲಿ ದಿಕ್ಕು ತಪ್ಪಿದ್ದವು ಪಾಪ.

2013ರಲ್ಲಿ ಮತ್ತೊಂದು. ಆಯುಧ ಸಮೇತ ಡಾಲ್ಫಿನ್‌ಗಳು ಸೆವಾಸ್ಟೊಪೋಲಿನಿಂದ ಓಡಿಹೋದವು ಎಂದು ಲೋಕವೆಲ್ಲ ಸುದ್ದಿ. ಕಡೆಗೆ ನೋಡಿದರೆ ಅದಕ್ಕೆ ಆಧಾರವಾದ ಕಾಗದವೇ ನಕಲಿ.

ನಮ್ಮ ಅಕ್ಕನ ಮೊಬೈಲಿಗೆ ಬಂದದ್ದು ಇಂಥದ್ದೇ ಒಂದು ಬಾಲ.

“ಸುಳ್ಳಾದರೆ ನಮಗೇನು ನಷ್ಟ ಟೀಚರೇ?” ಎಂದು ಇನ್ನೊಬ್ಬರು ಕೇಳಿದರು. ಅದಕ್ಕೆ ಬೆಂಗ್ರೆಯ ಅಕ್ಕನೇ ಉತ್ತರ ಕೊಟ್ಟರು. “ಡಾಲ್ಫಿನ್ ಬಲೆ ಹರಿದರೆ ನಮ್ಮವರಿಗೆ ಮೊದಲೇ ಸಿಟ್ಟು. ಶತ್ರು ಕಳಿಸಿದ್ದು ಅಂತ ಯಾರಾದರೂ ಹೇಳಿದರೆ, ಬಲೆಗೆ ಬಿದ್ದದ್ದನ್ನು ಜೀವಂತ ಬಿಡ್ತಾರಾ?”

ಬಿಡಲೇಬೇಕು. 1972ರ ವನ್ಯಜೀವಿ ಕಾನೂನಿನಲ್ಲಿ ಡಾಲ್ಫಿನಿಗೆ ರಕ್ಷಣೆ ಇದೆ. ಕೊಲ್ಲುವುದು ಅಪರಾಧ. 2013ರಲ್ಲಿ ನಮ್ಮ ಕೇಂದ್ರ ಸರಕಾರ ಆಟ ತೋರಿಸಲು ಡಾಲ್ಫಿನ್ ಇಟ್ಟುಕೊಳ್ಳುವುದಕ್ಕೂ ಅನುಮತಿ ಕೊಡಬಾರದೆಂದು ಹೇಳಿತು. ಅಳಿವೆ ಬಾಗಿಲಿಗೆ ಬರುವವು ಯಾರೂ ಕಳಿಸಿ ಬಂದವಲ್ಲ. ಬೆನ್ನಿನಲ್ಲಿ ಗೂನು ಇರುವ ಒಂದು ಜಾತಿಯ ಡಾಲ್ಫಿನ್ ಆಳವಿಲ್ಲದ ನೀರಿನಲ್ಲಿ, ನದಿ ಕಡಲು ಸೇರುವಲ್ಲಿ ಇರುತ್ತದೆ. ಮೀನಿನ ಹಿಂದೆ ಬರುತ್ತದೆ, ನಮ್ಮವರು ಹೋಗುವ ಹಾಗೆ.

ನಾಳೆಗೆ ಒಂದು ಕೆಲಸ. ಡಾಲ್ಫಿನ್ ಬಗ್ಗೆ ಮನೆಯವರನ್ನು ಕೇಳಿ ಎರಡು ಸಾಲು ಬರೆದು ತನ್ನಿ. ಕಣ್ಣಾರೆ ಕಂಡದ್ದಾದರೆ “ಕಂಡೆ” ಎಂದು ಬರೆಯಿರಿ. ಕೇಳಿದ್ದಾದರೆ “ಅಂತೆ” ಬಿಡಬೇಡಿ.